ಬಿಳಿ ನಾಯಿಮರಿಗೆ ಕಿವಿ ಯಾಕೆ ಕೇಳಲ್ಲ?

ಮಕ್ಕಳೇ, ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಮಾತಾಡುವ ಕುಟುಂಬಗಳಿವೆ. ಅಲ್ಲಿಯ ಕೊಂಬೈ ಎಂಬ ಊರು ನಾಯಿಗೆ ಹೆಸರುವಾಸಿ. ಕೊಂಬೈ ನಾಯಿಯ ಮೈ ಕೆಂಗಂದು, ಮೂತಿ ಕಪ್ಪು. ಪಕ್ಕದ ವಿರುದುನಗರ ಜಿಲ್ಲೆಯ ರಾಜಪಾಳಯಂ ನಾಯಿ ಮಾತ್ರ ಅಚ್ಚ ಬಿಳಿ, ಮೂಗು ಗುಲಾಬಿ. 2005ರಲ್ಲಿ ನಮ್ಮ ಮುಧೋಳ ನಾಯಿಯ ಜೊತೆ ಇದಕ್ಕೂ ಅಂಚೆಚೀಟಿ ಬಂದಿತ್ತು. ಆದರೆ ಈ ಬಿಳಿ ತಳಿಯಲ್ಲಿ ಹುಟ್ಟುಕಿವುಡು ಮರಿಗಳು ಹೆಚ್ಚು. ಇದು ಶಾಪವೂ ಅಲ್ಲ, ಗ್ರಹಣದ ದೋಷವೂ ಅಲ್ಲ. ಮತ್ತೇನು?

ಬಣ್ಣಕ್ಕೂ ಕಿವಿಗೂ ಏನು ಸಂಬಂಧ?

ಚರ್ಮಕ್ಕೆ, ಕೂದಲಿಗೆ ಬಣ್ಣ ಕೊಡುವ ಜೀವಕೋಶಗಳಿಗೆ ಮೆಲನೊಸೈಟ್ ಅಂತ ಹೆಸರು. ಭ್ರೂಣದಲ್ಲಿ ಇವು ಬೆನ್ನಿನ ಭಾಗದಿಂದ ಹೊರಟು ಮೈಯೆಲ್ಲಾ ಹರಡುತ್ತವೆ. ಕೆಲವು ಒಳಕಿವಿಗೂ ಹೋಗುತ್ತವೆ. ಅಲ್ಲಿ ಅವುಗಳ ಕೆಲಸವೇ ಬೇರೆ: ಕಾಕ್ಲಿಯದ ದ್ರವದಲ್ಲಿ ಪೊಟ್ಯಾಸಿಯಂ ಪ್ರಮಾಣ ಸರಿಯಾಗಿರುವಂತೆ ನೋಡಿಕೊಳ್ಳುವುದು. ಕೆಲವು ಬಿಳಿ ನಾಯಿಗಳಲ್ಲಿ ಈ ಕೋಶಗಳು ಒಳಕಿವಿಯನ್ನು ತಲುಪುವುದಿಲ್ಲ, ಇಲ್ಲವೇ ಅಲ್ಲಿ ಉಳಿಯುವುದಿಲ್ಲ. ಆಗ ಹುಟ್ಟಿದ ಕೆಲವೇ ವಾರಗಳಲ್ಲಿ ಶಬ್ದ ಗ್ರಹಿಸುವ ಕೋಶಗಳು ಸಾಯುತ್ತವೆ. ಅವು ಮತ್ತೆ ಬೆಳೆಯುವುದಿಲ್ಲ.

ಹಾಗಾದ್ರೆ ಪ್ರಯೋಗಾಲಯದ ಬಿಳಿ ಇಲಿ ಕಿವುಡಾ? ಅಲ್ಲ. ಅದರಲ್ಲಿ ಮೆಲನೊಸೈಟ್ ಇರುತ್ತವೆ, ಬಣ್ಣ ತಯಾರಿಸಲು ಮಾತ್ರ ಬರುವುದಿಲ್ಲ.

ಕೆಲವು ತಳಿಗಳಲ್ಲೇ ಯಾಕೆ?

ನೀಲಿ ಕಣ್ಣಿನ ಬಿಳಿ ಬೆಕ್ಕುಗಳ ಕಿವುಡುತನವನ್ನು ಡಾರ್ವಿನ್ 1859ರಲ್ಲೇ ಬರೆದಿದ್ದ. ಅಮೆರಿಕದಲ್ಲಿ ಪರೀಕ್ಷಿಸಿದ ಡಾಲ್ಮೇಶಿಯನ್ ನಾಯಿಗಳಲ್ಲಿ 100ಕ್ಕೆ ಸುಮಾರು 30ಕ್ಕೆ ಒಂದು ಕಿವಿಯಾದರೂ ಕೇಳುತ್ತಿರಲಿಲ್ಲ. ಕಾಡಿನಲ್ಲಿ ಕಿವುಡು ಪ್ರಾಣಿ ಬದುಕಿ ಮರಿ ಹಾಕುವುದು ಕಷ್ಟ. ಮನೆಯಲ್ಲಿ ಆಯ್ಕೆ ಮಾಡುವವರು ನಾವು. ಚಂದ ಅಂತ ಬಿಳಿ ಮರಿಗಳನ್ನೇ ಉಳಿಸಿಕೊಂಡು, ಹತ್ತಿರದ ಸಂಬಂಧದಲ್ಲೇ ಕೂಡಿಸಿದರೆ, ಬಿಳಿ ಬಣ್ಣದ ವಂಶವಾಹಿಗಳ ಜೊತೆ ಕಿವುಡೂ ಮುಂದಿನ ಪೀಳಿಗೆಗೆ ದಾಟುತ್ತದೆ.

ನೀವೇನು ಮಾಡಬಹುದು?

ಮರಿಗೆ ಆರು ವಾರವಾದ ಮೇಲೆ, ಅದು ಬೇರೆ ಕಡೆ ನೋಡುತ್ತಿರುವಾಗ ಹಿಂದಿನಿಂದ ಚಪ್ಪಾಳೆ ತಟ್ಟಿ. ಗಾಳಿ ತಾಗಬಾರದು, ನೆಲ ಅದುರಬಾರದು. ಕಿವಿ ನಿಮಿರಿಸಿತಾ? ಒಂದೇ ಕಿವಿ ಕೇಳುವ ಮರಿಯೂ ತಿರುಗಿ ನೋಡುತ್ತದೆ, ಹಾಗಾಗಿ ಖಚಿತವಾಗಿ ಹೇಳಬೇಕಾದವರು ಪಶುವೈದ್ಯರೇ. ಕಿವುಡು ಮರಿಯನ್ನು ಬೀದಿಗೆ ಬಿಡಬೇಡಿ, ಹಿಂದಿನಿಂದ ಬರುವ ಗಾಡಿಯ ಸದ್ದು ಅದಕ್ಕೆ ಕೇಳದು. ಕೈಸನ್ನೆಯಿಂದ ಅದಕ್ಕೆ ಎಲ್ಲವನ್ನೂ ಕಲಿಸಬಹುದು. ಅದರಿಂದ ಮರಿ ಮಾಡಿಸಬಾರದು, ಅಷ್ಟೇ.

ಕರೆದರೆ ಬಾರದ ಬಿಳಿ ನಾಯಿಗೆ ಯಾರಾದರೂ "ಮೊಂಡು" ಅಂತ ಹೊಡೆಯುತ್ತಿದ್ದರೆ, ಮೊದಲು ಅದರ ಕಿವಿ ಪರೀಕ್ಷಿಸೋಣ ಅಂತ ಹೇಳಿ.