ಕ್ಯಾಮೆರಾ ಮೊದಲು ಬರಬೇಕಾದ್ದು ಸೂಳಗಿರಿಯಂಥ ಊರಿಗೆ

ರಸ್ತೆಯಲ್ಲಿ ಕ್ಯಾಮೆರಾ ಇಟ್ಟು ದಂಡ ಹಾಕುವ ಕಾನೂನು ಎಂದರೆ ಬೆಂಗಳೂರು, ಚೆನ್ನೈಗಳ ಸಿಗ್ನಲ್ ಕಂಬಗಳೇ ಕಣ್ಣಿಗೆ ಬರುತ್ತವೆ. ಆದರೆ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 136ಎ ಸೆಕ್ಷನ್ ಓದಿದರೆ, ಅದು ಮೊದಲು ಹೆಸರಿಸುವುದು ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿಗಳನ್ನು. ನಗರದ ಮಾತು ಆಮೇಲೆ. 2021ರ ಆಗಸ್ಟ್‌ನಲ್ಲಿ ಬಂದ 167ಎ ನಿಯಮವೂ ಹೀಗೆಯೇ: ಅಪಾಯ ಮತ್ತು ದಟ್ಟಣೆ ಹೆಚ್ಚಿರುವ ಹೆದ್ದಾರಿ ಭಾಗಗಳಲ್ಲೂ, 10 ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳ ಮುಖ್ಯ ವೃತ್ತಗಳಲ್ಲೂ ರಾಜ್ಯ ಸರ್ಕಾರ ಕ್ಯಾಮೆರಾ ಹಾಕಬೇಕು ಎನ್ನುತ್ತದೆ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಹೊಸೂರೇ ಈ ಜನಸಂಖ್ಯೆಯ ಅಳತೆಗೆ ಸಿಗುವುದಿಲ್ಲ, ಇನ್ನು ಅದೇ ಜಿಲ್ಲೆಯ ಚಿಕ್ಕ ಊರು ಸೂಳಗಿರಿ ಎಲ್ಲಿಂದ ಸಿಗಬೇಕು? ಆದರೆ ಸೂಳಗಿರಿ ಇರುವುದು ರಾಷ್ಟ್ರೀಯ ಹೆದ್ದಾರಿ 44ರ ಮೇಲೆ. ನಗರದ ಲೆಕ್ಕದಲ್ಲಿ ಬಿಟ್ಟುಹೋದ ಇಂಥ ಊರು ಹೆದ್ದಾರಿಯ ಲೆಕ್ಕದಲ್ಲಿ ಮೊದಲ ಸಾಲಿಗೆ ಬರಬೇಕು.

ಇದು ಊರಿನ ಮೇಲಿನ ಅಭಿಮಾನದ ಮಾತಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಒಟ್ಟು ರಸ್ತೆ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ನೂರಕ್ಕೆ ಎರಡರ ಆಸುಪಾಸು; ಸಾವಿನಲ್ಲಿ ಅವುಗಳ ಪಾಲು ಶೇ. 36. ಅತಿವೇಗಕ್ಕೆ ಬಲಿಯಾದವರು ಶೇ. 71. ಅದೇ ವರ್ಷ ಅತಿ ಹೆಚ್ಚು ಅಪಘಾತ ದಾಖಲಾದ ರಾಜ್ಯ ತಮಿಳುನಾಡು. ಸೂಳಗಿರಿಯ ಸುತ್ತಲ ಹಳ್ಳಿಗಳಿಂದ ಕೊತ್ತಂಬರಿ, ಪುದೀನ, ಟೊಮೆಟೊ ಹೊತ್ತ ಮೊಪೆಡ್ಡು, ಆಟೊ, ಟ್ರ್ಯಾಕ್ಟರುಗಳು ಬೆಂಗಳೂರು-ಚೆನ್ನೈ ಲಾರಿಗಳು ಓಡುವ ದಾರಿಗೇ ಬಂದು ಸೇರುತ್ತವೆ. ಗಂಟೆಗೆ 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ತುಂಬಿದ ಮೊಪೆಡ್ಡನ್ನು ಕಂಡು ಚಾಲಕ ಬ್ರೇಕ್ ಮೆಟ್ಟುವ ಹೊತ್ತಿಗೆ ಅಷ್ಟು ದೂರ ಮುಗಿದಿರುತ್ತದೆ.

ಅಲ್ಲಲ್ಲಿ ಪೊಲೀಸರನ್ನು ನಿಲ್ಲಿಸಿದರೆ ಸಾಲದೇ ಎಂದು ಕೇಳಬಹುದು. ಆರು ಪಥದ ರಸ್ತೆಯಲ್ಲಿ ಓಡುವ ಲಾರಿಗೆ ಅಡ್ಡ ನಿಂತು ಕೈ ತೋರುವುದು ಪೊಲೀಸರಿಗೂ ಅಪಾಯ. ಕ್ಯಾಮೆರಾ ಯಾರನ್ನೂ ನಿಲ್ಲಿಸಬೇಕಿಲ್ಲ. ಅದರಲ್ಲೂ ಎರಡು ಕಡೆ ನಂಬರ್ ಪ್ಲೇಟ್ ಓದಿ ನಡುವಿನ ಸಮಯ ಅಳೆಯುವ ಸರಾಸರಿ ವೇಗದ ಪದ್ಧತಿ ಹೆದ್ದಾರಿಗೆ ಹೇಳಿ ಮಾಡಿಸಿದ್ದು. ಮಿತಿ 80 ಇರುವ ಕಡೆ 5 ಕಿ.ಮೀ. ದಾಟಲು 3 ನಿಮಿಷ 45 ಸೆಕೆಂಡು ಬೇಕು; ಅದಕ್ಕಿಂತ ಬೇಗ ಬಂದ ಗಾಡಿ ಮಿತಿ ಮೀರಿದೆ ಎಂದೇ ಅರ್ಥ. ಕ್ಯಾಮೆರಾ ಕಂಡಾಗ ನಿಧಾನಿಸಿ ಆಮೇಲೆ ಹಾರಿಸಿಕೊಂಡು ಹೋಗುವ ಆಟ ಇಲ್ಲಿ ನಡೆಯುವುದಿಲ್ಲ. ವೇಗಕ್ಕೆ ಕಡಿವಾಣ ಹಾಕಿದರೆ ಸಾವು ಇಳಿಯುತ್ತದೆ ಎಂಬುದಕ್ಕೆ ಬೆಂಗಳೂರು-ಮೈಸೂರು ಹೆದ್ದಾರಿಯನ್ನು ನೋಡಬಹುದು. 2023ರ ಮೇ ತಿಂಗಳಲ್ಲಿ ಅಲ್ಲಿ 29, ಜೂನ್‌ನಲ್ಲಿ 28 ಮಂದಿ ಸತ್ತಿದ್ದರು. ಪೊಲೀಸರು ವೇಗ ಅಳೆದು ದಂಡ ಹಾಕತೊಡಗಿದ ಜುಲೈನಲ್ಲಿ ಸತ್ತವರು 8. ಬೈಕ್, ಆಟೊಗಳನ್ನು ಮುಖ್ಯ ಪಥದಿಂದ ಹೊರಗಿಟ್ಟದ್ದು ಆಗಸ್ಟ್ 1ರಿಂದ. ಹಾಗಾಗಿ ಜುಲೈನ ಇಳಿಕೆಯನ್ನು ಆ ನಿಷೇಧದ ಖಾತೆಗೆ ಹಾಕಲಾಗದು. ಒಂದು ತಿಂಗಳ ಲೆಕ್ಕವೇ ಎಲ್ಲವನ್ನೂ ಸಾಬೀತು ಮಾಡುವುದಿಲ್ಲ, ನಿಜ. ಆದರೂ ಅದನ್ನು ತಳ್ಳಿಹಾಕುವಂತಿಲ್ಲ.

ಇದೆಲ್ಲ ಸರ್ಕಾರ ಖಜಾನೆ ತುಂಬಿಸಿಕೊಳ್ಳುವ ದಾರಿ ಎಂಬ ಆಕ್ಷೇಪ ಎಲ್ಲೆಡೆ ಇದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಬೆಂಗಳೂರಿನಲ್ಲಿ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಕೆಲವೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಯಿತು. ಅದನ್ನು ಯಶಸ್ಸು ಎಂದರು. ನಾನು ಸೋಲು ಎನ್ನುತ್ತೇನೆ. ಅಷ್ಟು ಹಣ ಬಾಕಿ ಇತ್ತೆಂದರೆ ಅಷ್ಟು ನೋಟಿಸುಗಳನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಕಾದರೆ ಅರ್ಧಕ್ಕೆ ಮುಗಿಯುತ್ತದೆ ಎಂದು ತಿಳಿದವನು ಮುಂದೆಯೂ ಕಾಯುತ್ತಾನೆ. ಗಡಿಯಲ್ಲಿ ಇನ್ನೊಂದು ತೊಡಕು: ಹೆಲ್ಮೆಟ್ ಇಲ್ಲದ್ದಕ್ಕೆ ಕರ್ನಾಟಕದ ಅತ್ತಿಬೆಲೆಯಲ್ಲಿ 500 ರೂಪಾಯಿ, ತಮಿಳುನಾಡಿನ ಜೂಜುವಾಡಿಗೆ ದಾಟಿದರೆ 1,000.

ಯಂತ್ರ ತಪ್ಪಬಹುದು, ನಕಲಿ ನಂಬರ್ ಪ್ಲೇಟಿನಿಂದ ನಿರಪರಾಧಿಗೆ ದಂಡ ಬೀಳಬಹುದು ಎಂಬ ಆತಂಕಕ್ಕೆ 167ಎ ನಿಯಮದಲ್ಲೇ ಉತ್ತರ ಇದೆ. ಉಪಕರಣಕ್ಕೆ ವರ್ಷವರ್ಷ ನವೀಕರಿಸುವ ಪ್ರಮಾಣಪತ್ರ ಬೇಕು. ಕ್ಯಾಮೆರಾ ಇದೆ ಎಂಬ ಎಚ್ಚರಿಕೆ ಫಲಕ ಮೊದಲೇ ಕಾಣಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸು ಹೊರಡಬೇಕು. ಚಲನ್‌ನಲ್ಲಿ ಗಾಡಿಯ ಚಿತ್ರ, ಅಳೆದ ವೇಗ, ದಿನ, ಹೊತ್ತು, ಜಾಗ ಎಲ್ಲ ಇರಬೇಕು. ಒಪ್ಪದವರು ನ್ಯಾಯಾಲಯಕ್ಕೆ ಹೋಗಬಹುದು. ರಸ್ತೆಯೇ ಕೆಟ್ಟದಾಗಿದ್ದರೆ ಕ್ಯಾಮೆರಾ ಏನು ಮಾಡೀತು ಎಂಬ ಮಾತು ಮಾತ್ರ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಊರಿನವರು ದಾಟಲು ಸರಿಯಾದ ಜಾಗ, ಸರ್ವಿಸ್ ರಸ್ತೆ, ರಾತ್ರಿ ದೀಪ ಇಲ್ಲದಿದ್ದರೆ ಕ್ಯಾಮೆರಾ ಅವುಗಳ ಕೆಲಸ ಮಾಡಲಾರದು. ದಂಡದ ಹಣ ಮೊದಲು ಅವಕ್ಕೇ ಹೋಗಲಿ.

ರಸ್ತೆ ಸುರಕ್ಷತೆಗಾಗಿ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರು ಕೊಯಮತ್ತೂರಿನ ಮೂಳೆತಜ್ಞ ಡಾ. ಎಸ್. ರಾಜಶೇಖರನ್. ಆ ಪ್ರಕರಣದಲ್ಲೇ ನ್ಯಾಯಾಲಯ 2024ರಲ್ಲಿ 136ಎ ಸೆಕ್ಷನ್ ಜಾರಿ ಮಾಡುವಂತೆ ರಾಜ್ಯಗಳಿಗೆ ಸೂಚಿಸಿತು. ಆದೇಶ ಬಂದಿದೆ, ಕಾನೂನೂ ಇದೆ. ಕೃಷ್ಣಗಿರಿ ಜಿಲ್ಲಾಡಳಿತ ಹೊಸೂರು-ಸೂಳಗಿರಿ-ಕೃಷ್ಣಗಿರಿ ದಾರಿಯನ್ನು ಅಪಾಯದ ಭಾಗವೆಂದು ಗುರುತಿಸಿ ಸರಾಸರಿ ವೇಗದ ಕ್ಯಾಮೆರಾ ಕೇಳಲಿ. ಎಚ್ಚರಿಕೆ ಫಲಕಗಳಲ್ಲಿ ತಮಿಳಿನ ಜೊತೆಗೆ ಇಲ್ಲಿನ ಜನ ಆಡುವ ಕನ್ನಡ, ತೆಲುಗೂ ಇರಲಿ.