ಎತ್ತುವುದು ಬೇರೆ, ಹೊರುವುದು ಬೇರೆ

ಹೆದ್ದಾರಿ ಬದಿಯ ಲಾರಿ ಗ್ಯಾರೇಜುಗಳಲ್ಲಿ ಇದೊಂದು ಸಾಮಾನ್ಯ ದೃಶ್ಯ. ಎರಡು ಬದಿಗೆ ದಪ್ಪ ಕಬ್ಬಿಣದ ಕಾಲುಗಳು, ಮೇಲೊಂದು ಅಡ್ಡ ತೊಲೆ, ಅದರಿಂದ ತೂಗುವ ಚೈನ್ ಪುಲ್ಲಿ. ಗುಜರಿಯಿಂದ ತಂದ ಕಬ್ಬಿಣಕ್ಕೆ ವೆಲ್ಡಿಂಗ್ ಮಾಡಿ ಮೆಕ್ಯಾನಿಕ್‌ಗಳೇ ಕಟ್ಟಿಕೊಂಡ ಸಾಧನವಿದು. ಕ್ರೇನ್ ಕೊಳ್ಳಲಾಗದವರು ಇದರಿಂದಲೇ ಇಂಜಿನ್ ಇಳಿಸುತ್ತಾರೆ, ಚಾಸಿಯ ಒಂದು ತುದಿಯನ್ನು ಮೇಲೆತ್ತುತ್ತಾರೆ. ಅವರ ಜಾಣ್ಮೆಯನ್ನು ಮೆಚ್ಚಲೇಬೇಕು. ಆದರೆ ಅದರಡಿಯಲ್ಲಿ ಮಲಗಿ ಕೆಲಸ ಮಾಡುವವನ ಜೀವಕ್ಕೆ ಜಾಣ್ಮೆಯೊಂದೇ ಸಾಕೇ?

ಎರಡು ಆಕ್ಸಲ್‌ಗಳ ಲಾರಿಯ ಒಟ್ಟು ತೂಕದ ಮಿತಿಯನ್ನು ಕೇಂದ್ರ ಸರಕಾರ 2018ರಲ್ಲಿ 16.2 ಟನ್‌ನಿಂದ 18.5 ಟನ್‌ಗೆ ಏರಿಸಿತು. ಸರಕು ಇಳಿಸಿದ ಬಳಿಕವೂ ಉಳಿಯುವುದು ಹಲವು ಟನ್ ಕಬ್ಬಿಣ!

ಬಲ ಎಲ್ಲಿಂದ ಬರುತ್ತದೆ?

ಇಷ್ಟು ಭಾರವನ್ನು ಒಬ್ಬನೇ ಎತ್ತುವುದು ಹೇಗೆ? ಹೈಡ್ರಾಲಿಕ್ ಜಾಕ್‌ನೊಳಗೆ ಒಂದು ಸಣ್ಣ, ಒಂದು ದೊಡ್ಡ ಪಿಸ್ಟನ್ ಇರುತ್ತದೆ. ದೊಡ್ಡದರ ವಿಸ್ತೀರ್ಣ ಸಣ್ಣದರ 25 ಪಟ್ಟು ಇದ್ದರೆ ಎಣ್ಣೆಯ ಒತ್ತಡ ಬಲವನ್ನು 25 ಪಟ್ಟು ಹೆಚ್ಚಿಸುತ್ತದೆ. ಹಿಡಿಕೆಯ ಸನ್ನೆ ಅದನ್ನು ಇನ್ನೂ 20 ಪಟ್ಟು ಮಾಡಿದರೆ ಒಟ್ಟು 500 ಪಟ್ಟು. ಘರ್ಷಣೆಯ ನಷ್ಟ ಬಿಟ್ಟರೆ, 20 ಕಿಲೋ ಒತ್ತಿದವನು 10 ಟನ್ ಎತ್ತಬಲ್ಲ. ಆದರೆ ಆ ಹತ್ತು ಟನ್ನನ್ನು ಮೇಲೆ ನಿಲ್ಲಿಸಿರುವುದು ಒಂದಿಷ್ಟು ಎಣ್ಣೆ ಮತ್ತು ಅದನ್ನು ತಡೆದಿಟ್ಟ ಸಣ್ಣ ಸೀಲ್. ಸೀಲ್ ಸವೆದರೆ ಎಣ್ಣೆ ಸೋರುತ್ತದೆ, ಭಾರ ಕುಸಿಯುತ್ತದೆ.

ಲೆಕ್ಕ ತಪ್ಪುವುದೆಲ್ಲಿ?

ಮನೆಯಲ್ಲೇ ಕಟ್ಟಿದ ಸಾಧನದಲ್ಲಿ ಎಡವುವುದು ಹೆಚ್ಚಾಗಿ ಕಣ್ಣಳತೆಯ ಅಂದಾಜಿನಲ್ಲಿ. ಲಾರಿ ಒಳಬರಲೆಂದು ಕಾಲುಗಳ ನಡುವಿನ ಅಂತರವನ್ನು ಇಮ್ಮಡಿ ಮಾಡಿದರೆ, ಅದೇ ಭಾರಕ್ಕೆ ತೊಲೆಯ ಮೇಲಿನ ಬಾಗಿಸುವ ಒತ್ತಡ ಇಮ್ಮಡಿಯಾಗುತ್ತದೆ. ತೊಲೆ ಜಗ್ಗುವುದು ಮಾತ್ರ ಎಂಟು ಪಟ್ಟು!

ಸರಪಳಿ ಕಟ್ಟುವ ಕೋನವೂ ಅಷ್ಟೇ ಮುಖ್ಯ. ಎರಡು ಸರಪಳಿಗಳ ನಡುವಿನ ಕೋನ 60 ಡಿಗ್ರಿ ಇದ್ದರೆ ಪ್ರತಿಯೊಂದರ ಮೇಲೂ ಭಾರದ ಶೇಕಡಾ 58ರಷ್ಟು ಎಳೆತ ಬೀಳುತ್ತದೆ. ಕೋನ 120 ಡಿಗ್ರಿಯಾದರೆ ಒಂದೊಂದು ಸರಪಳಿಯೂ ಪೂರ್ತಿ ಭಾರವನ್ನೇ ಹೊರಬೇಕು. ಎರಡು ಕಟ್ಟಿದ ಲಾಭ ಅಲ್ಲಿಗೆ ಮುಗಿಯಿತು.

ಆದ್ದರಿಂದ ತೊಲೆ, ಕಾಲು, ವೆಲ್ಡಿಂಗ್‌ಗಳ ಲೆಕ್ಕವನ್ನು ಇಂಜಿನಿಯರ್ ಒಬ್ಬರಿಂದ ಮಾಡಿಸಬೇಕು. ಆಮೇಲೆ ನಿಗದಿಯಾದ ಮಿತಿಗಿಂತ ಕಾಲುಪಾಲು ಹೆಚ್ಚು ಭಾರವನ್ನು ನೆಲಕ್ಕೆ ಹತ್ತಿರದಲ್ಲೇ ತೂಗಿಸಿ, ಎಲ್ಲರೂ ದೂರ ನಿಂತು ಪರೀಕ್ಷಿಸಬೇಕು. ಭಾರ ಇಳಿಸಿದ ಮೇಲೂ ತೊಲೆ ಬಾಗಿಯೇ ಉಳಿದರೆ, ವೆಲ್ಡಿಂಗ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ, ಅದನ್ನು ಬಳಸಕೂಡದು. ಎಷ್ಟು ಭಾರ ಎತ್ತಬಹುದೆಂದು ತೊಲೆಯ ಮೇಲೆಯೇ ಬರೆದಿಡಬೇಕು. ಭಾರ ಎತ್ತುವ ಯಂತ್ರಗಳ ಮೇಲೆ ಮಿತಿ ಬರೆದಿರಬೇಕು, ವರ್ಷಕ್ಕೊಮ್ಮೆಯಾದರೂ ತಪಾಸಣೆಯಾಗಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ವಿಧಿಸಿತ್ತು.

ಎತ್ತಿದ ಮೇಲೆ...

ಇಷ್ಟೆಲ್ಲ ಸರಿಯಿದ್ದರೂ ಒಂದು ನಿಯಮಕ್ಕೆ ವಿನಾಯಿತಿಯಿಲ್ಲ. ಜಾಕ್ ಮತ್ತು ಪುಲ್ಲಿ ಇರುವುದು ಎತ್ತಲಿಕ್ಕೆ. ಹೊತ್ತು ನಿಲ್ಲುವುದು ನೆಲದ ಮೇಲೆ ಭದ್ರವಾಗಿ ಕುಳಿತ ಉಕ್ಕಿನ ಸ್ಟ್ಯಾಂಡಿನ ಕೆಲಸ. ಗಟ್ಟಿಯಾದ ಸಮತಟ್ಟು ನೆಲ, ಉಳಿದ ಚಕ್ರಗಳಿಗೆ ಅಡ್ಡಗಟ್ಟೆ, ಚಾಸಿಯ ಕೆಳಗೆ ಸ್ಟ್ಯಾಂಡ್ - ಇವು ಮೂರೂ ಆದ ಮೇಲೆಯೇ ಒಳಗೆ ಹೋಗಬೇಕು. ಇಟ್ಟಿಗೆ, ಕಾಂಕ್ರೀಟ್ ಬ್ಲಾಕುಗಳನ್ನು ನಂಬಬಾರದು. ಅವು ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತವೆ. ಟಿಪ್ಪರ್‌ನ ಎತ್ತಿದ ತೊಟ್ಟಿಗೂ ಇದೇ ಮಾತು. ಅದಕ್ಕೆ ಊರುಗೋಲು ಕೊಡದೆ ಕೆಳಗೆ ತಲೆ ಹಾಕುವುದು ಸಾವಿಗೆ ಕೊರಳೊಡ್ಡಿದಂತೆ.

"ಐದೇ ನಿಮಿಷದ ಕೆಲಸ" ಎಂಬ ಮಾತು ಗ್ಯಾರೇಜಿನಲ್ಲಿ ಎಲ್ಲಕ್ಕಿಂತ ಅಪಾಯಕಾರಿ. ಭಾರ ಕುಸಿಯಲು ಒಂದು ಕ್ಷಣ ಸಾಕು. ಮಗನನ್ನು ಕೆಲಸ ಕಲಿಯಲು ಗ್ಯಾರೇಜಿಗೆ ಕಳುಹಿಸುವ ತಂದೆತಾಯಿ ಸಂಬಳ ಎಷ್ಟೆಂದು ವಿಚಾರಿಸುವ ಮೊದಲು, "ಅಲ್ಲಿ ಸ್ಟ್ಯಾಂಡ್ ಇದೆಯೇ?" ಎಂದು ಕೇಳಲಿ. ಗ್ಯಾರೇಜಿನ ಮಾಲಕರು ಒಂದು ಜೋಡಿ ಉತ್ತಮ ಸ್ಟ್ಯಾಂಡ್‌ಗೆ ಮಾಡುವ ಖರ್ಚನ್ನು ದುಬಾರಿಯೆಂದು ತಿಳಿಯದಿರಲಿ. ಬೆಳಿಗ್ಗೆ ಮನೆಯಿಂದ ಹೊರಟವನು ಸಂಜೆ ಮನೆ ಸೇರುವುದಕ್ಕಿಂತ ದೊಡ್ಡ ಸಂಪಾದನೆ ಯಾವುದಿದೆ?