ಐದು ಮಿಲಿಮೀಟರ್ ಫೋಮಿನ ವಿಮಾನ

ಮೊದಲ ಸಲ ರೇಡಿಯೋ ನಿಯಂತ್ರಿತ ಮಾದರಿ ವಿಮಾನ ಹಾರಿಸುವವರ ಕೈಯಲ್ಲಿ ಅದು ಬಿದ್ದೇ ಬೀಳುತ್ತದೆ. ಇದಕ್ಕೆ ಅಪವಾದಗಳು ಬಲು ಕಡಿಮೆ. ಮಾದರಿಗಳನ್ನು ಹಗುರವಾದ ಬಾಲ್ಸಾ ಮರದಿಂದ ಕಟ್ಟುತ್ತಿದ್ದ ಕಾಲದಲ್ಲಿ ಆ ಒಂದು ಬೀಳುವಿಕೆಗೆ ತೆರಬೇಕಾದ ಬೆಲೆ ದೊಡ್ಡದಿತ್ತು. ತೆಳುವಾದ ಮರದ ಪಟ್ಟಿಗಳನ್ನು ಒಂದೊಂದಾಗಿ ಕತ್ತರಿಸಿ, ಅಂಟಿಸಿ, ಮೇಲೆ ಕಾಗದವನ್ನೋ ರೇಷ್ಮೆಯನ್ನೋ ಬಿಗಿದು ತಿಂಗಳುಗಟ್ಟಲೆ ಕಟ್ಟಿದ್ದು ಕ್ಷಣಮಾತ್ರದಲ್ಲಿ ಪುಡಿಯಾಗುತ್ತಿತ್ತು. ಎಷ್ಟೋ ಮಂದಿ ಅಲ್ಲಿಗೇ ಕೈಬಿಡುತ್ತಿದ್ದರು. ಇಂದು ಅದೇ ಅಪಘಾತವಾದರೆ ಹುಡುಗರು ಮುರಿದ ಮೂಗಿಗೆ ಬಿಸಿ ಅಂಟು ಸುರಿದು, ಅರ್ಧ ಗಂಟೆ ಬಿಟ್ಟು ಮತ್ತೆ ಮೈದಾನಕ್ಕೆ ಇಳಿಯುತ್ತಾರೆ. ಈ ಬದಲಾವಣೆ ತಂದದ್ದು ಫೋಮ್. ಬೀಳುವುದು ಅಗ್ಗವಾದದ್ದರಿಂದ ಕಲಿಯುವುದು ಸಾಧ್ಯವಾಯಿತು.

ರೇಡಿಯೋ ಮೂಲಕ ಮಾದರಿ ವಿಮಾನ ಹಾರಿಸಿದ ಮೊದಲಿಗರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನ ಅವಳಿ ಸಹೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಹೆಸರು ಮುಖ್ಯವಾದದ್ದು. 1937ರಲ್ಲಿ ಅವರು ಹಾರಿಸಿದ ‘ಗಫ್’ ಎಂಬ ವಿಮಾನದ ರೆಕ್ಕೆ ಸುಮಾರು ಎಂಟು ಅಡಿ ಉದ್ದವಿತ್ತು. ಗಾಜಿನ ವಾಲ್ವುಗಳ ರೇಡಿಯೋ, ಅದಕ್ಕೆ ಬೇಕಾದ ಬ್ಯಾಟರಿ, ಪೆಟ್ರೋಲ್ ಎಂಜಿನ್ ಎಲ್ಲವನ್ನೂ ಹೊರಬೇಕಿದ್ದರಿಂದ ಅಷ್ಟು ದೊಡ್ಡ ರೆಕ್ಕೆ ಅನಿವಾರ್ಯವಾಗಿತ್ತು. ಆ ವಿಮಾನ ಈಗ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಬಾಲ್ಸಾ ಕೂಡ ಕೀಳಲ್ಲ. 2003ರ ಆಗಸ್ಟಿನಲ್ಲಿ ಮೇನಾರ್ಡ್ ಹಿಲ್ ಮತ್ತು ಸಂಗಡಿಗರ ‘ಟ್ಯಾಮ್ 5’ ಎಂಬ ಬಾಲ್ಸಾ ವಿಮಾನ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಿಂದ ಹೊರಟು, ಸುಮಾರು 39 ಗಂಟೆ ಹಾರಿ, ಅಟ್ಲಾಂಟಿಕ್ ದಾಟಿ ಐರ್ಲೆಂಡಿನಲ್ಲಿ ಇಳಿಯಿತು. ಇಂಧನ ತುಂಬಿದಾಗಲೂ ಅದರ ತೂಕ ಐದು ಕಿಲೋ ಮೀರಿರಲಿಲ್ಲ. ಅಂಥ ಕೌಶಲಕ್ಕೆ ನಮಸ್ಕರಿಸಲೇಬೇಕು. ಆದರೆ ಹದಿನಾಲ್ಕರ ಹುಡುಗಿಯೊಬ್ಬಳು ಭಾನುವಾರ ಬೆಳಿಗ್ಗೆ ಕತ್ತರಿಸಲು ಕೂತು, ಮುಂದಿನ ಭಾನುವಾರ ಹಾರಿಸಬೇಕೆಂದರೆ ಆ ದಾರಿ ಒದಗದು.

ಫೋಮ್ ಯಾರೂ ವಿಮಾನಕ್ಕೆಂದು ಮಾಡಿದ ವಸ್ತುವಲ್ಲ. ಯುರೋಪಿನಲ್ಲಿ ಹವ್ಯಾಸಿಗಳು ಮೊದಲು ಕೈಗೆತ್ತಿಕೊಂಡ ‘ಡೆಪ್ರಾನ್’ ಹಾಳೆ ಮನೆಯ ನೆಲಹಾಸಿನ ಕೆಳಗೆ, ಗೋಡೆಯ ಒಳಗೆ ಶಾಖ ತಡೆಯಲು ಹಾಕುವಂಥದು. ಅಮೆರಿಕದಲ್ಲಿ ಮನೆಯ ಹೊರಗೋಡೆಗೆ ಬಡಿಯುವ ಮಡಿಕೆ ಫೋಮನ್ನು ಬಳಸಿದರು. ಆಮೇಲೆ ಬಂದದ್ದು ಶಾಲಾ ಮಕ್ಕಳು ಪ್ರಾಜೆಕ್ಟಿಗೆ ಬಳಸುವ ಫೋಮ್ ಬೋರ್ಡ್: ನಡುವೆ ಸುಮಾರು ಐದು ಮಿಲಿಮೀಟರ್ ಫೋಮ್, ಎರಡೂ ಬದಿಗೆ ಕಾಗದ. ಅದೇ ಹೊತ್ತಿಗೆ ಬ್ರಷ್‌ಲೆಸ್ ಮೋಟರ್, ಲಿಥಿಯಂ ಪಾಲಿಮರ್ ಬ್ಯಾಟರಿ, 2.4 ಗಿಗಾಹರ್ಟ್ಸ್ ರೇಡಿಯೋ ಮೂರೂ ಅಗ್ಗವಾದವು. ಫೋಮ್ ಒಂದೇ ಇದ್ದಿದ್ದರೆ ಈ ಹವ್ಯಾಸ ಇಷ್ಟು ಹಬ್ಬುತ್ತಿರಲಿಲ್ಲ.

ಈ ಹಾಳೆಯನ್ನು ಮನೆಮನೆಗೆ ತಲುಪಿಸಿದ ಶ್ರೇಯ ಹೆಚ್ಚಾಗಿ ಸಲ್ಲಬೇಕಾದದ್ದು ಅಮೆರಿಕದ ಒಹಾಯೋ ರಾಜ್ಯದ ‘ಫ್ಲೈಟ್ ಟೆಸ್ಟ್’ ತಂಡಕ್ಕೆ. ಜಾಶ್ ಬಿಕ್ಸ್ಲರ್, ಚಾಡ್ ಕ್ಯಾಪರ್ ಮೊದಲಾದವರ ಈ ತಂಡ ಡಾಲರ್ ಅಂಗಡಿಯಲ್ಲಿ ಸಿಗುವ 20 ಇಂಚು ಅಗಲ, 30 ಇಂಚು ಉದ್ದದ ಫೋಮ್ ಬೋರ್ಡಿಗೆ ಹೊಂದುವ ವಿಮಾನಗಳನ್ನು ವಿನ್ಯಾಸ ಮಾಡಿ, ನಕ್ಷೆಗಳನ್ನು ಉಚಿತವಾಗಿ ಹಂಚಿತು. ಅವರ ಅತ್ಯುತ್ತಮ ಉಪಾಯ ಕಳಚಿ ಜೋಡಿಸಬಹುದಾದ ಮೋಟರ್ ಪೆಟ್ಟಿಗೆ. ಬಿದಿರಿನ ಕಡ್ಡಿ, ರಬ್ಬರ್ ಬ್ಯಾಂಡುಗಳಿಂದ ಅದನ್ನು ಒಂದು ವಿಮಾನದಿಂದ ತೆಗೆದು ಇನ್ನೊಂದಕ್ಕೆ ಸಿಕ್ಕಿಸಬಹುದು. ಬೆಲೆಬಾಳುವ ಭಾಗ ಒಂದೇ, ವಿಮಾನಗಳು ಹಲವು. ಬಿದ್ದಾಗ ರಬ್ಬರ್ ಬ್ಯಾಂಡ್ ಜಾರಿ ಪೆಟ್ಟಿಗೆ ಹಿಂದಕ್ಕೆ ಸರಿಯುವುದರಿಂದ ಮೋಟರ್ ಬಹುಪಾಲು ಉಳಿದುಕೊಳ್ಳುತ್ತದೆ.

ಇಷ್ಟು ಮೆತ್ತಗಿನ ಹಾಳೆ ಹಾರಾಟದ ಒತ್ತಡವನ್ನು ಹೇಗೆ ತಾಳುತ್ತದೆ? ಉತ್ತರ ಕಾಗದದಲ್ಲಿದೆ. ರೆಕ್ಕೆ ಮೇಲಕ್ಕೆ ಬಾಗಿದಾಗ ಕೆಳಗಿನ ಕಾಗದ ಹಿಗ್ಗುತ್ತದೆ, ಮೇಲಿನದು ಒತ್ತಿಕೊಳ್ಳುತ್ತದೆ. ಬಲವನ್ನೆಲ್ಲ ಹೊರುವುದು ಈ ಎರಡು ಪದರಗಳೇ. ಫೋಮಿನ ಕೆಲಸ ಅವೆರಡನ್ನೂ ದೂರದೂರ ಇರಿಸುವುದು. ಅಂತರ ಎರಡು ಪಟ್ಟಾದರೆ ಗಡಸುತನ ಸುಮಾರು ನಾಲ್ಕು ಪಟ್ಟಾಗುತ್ತದೆ. ಆದ್ದರಿಂದಲೇ ಫೋಮಿನ ಅರ್ಧ ಆಳಕ್ಕೆ ಬ್ಲೇಡಿನಲ್ಲಿ ಗೀರಿ, ಹಾಳೆಯನ್ನು ಮಡಚಿ, ಮೇಲೆ ಉಬ್ಬು ಕೆಳಗೆ ಚಪ್ಪಟೆ ಇರುವ ಟೊಳ್ಳು ರೆಕ್ಕೆ ಮಾಡಿದರೆ ಅದು ಮಡಚದ ಹಾಳೆಗಿಂತ ಎಷ್ಟೋ ಗಟ್ಟಿ. ಒಳಗೆ ಉದ್ದಕ್ಕೂ ಫೋಮಿನದೇ ಪಟ್ಟಿಯನ್ನು ತೊಲೆಯಾಗಿ ಅಂಟಿಸುತ್ತಾರೆ. ಬಿದಿರಿನ ಸೀಳು ಸಿಕ್ಕರೆ ಇನ್ನೂ ಒಳ್ಳೆಯದು.

ನಮ್ಮ ಅಂಗಡಿಗಳಲ್ಲಿ ಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. ಫಲಕಗಳಿಗೆ ಬಳಸುವ ಪಿವಿಸಿ ಫೋಮ್ ಹಾಳೆ ನೋಡಲು ಹೀಗೆಯೇ ಇದ್ದರೂ ಹಲವು ಪಟ್ಟು ಹೆಚ್ಚು ಸಾಂದ್ರ. ಅದರಲ್ಲಿ ಕಟ್ಟಿದ್ದು ಹಾರದು. ಥರ್ಮಾಕೋಲಿನಲ್ಲಿ ಶೇಕಡ 98ರಷ್ಟು ಗಾಳಿಯೇ ಇರುತ್ತದೆ. ಬಹಳ ಹಗುರ, ಆದರೆ ಬರಿಯದಾಗಿ ಬಳಸಿದರೆ ಮುರಿಯುತ್ತದೆ. ಅಗಲವಾದ ಪ್ಯಾಕಿಂಗ್ ಟೇಪನ್ನು ಮೇಲೆಲ್ಲ ಸುತ್ತಿದರೆ ಆ ಟೇಪೇ ಕಾಗದದ ಕೆಲಸ ಮಾಡುತ್ತದೆ. ಫೆವಿಕ್ವಿಕ್‌ನಂಥ ಅಂಟು, ಸ್ಪ್ರೇ ಬಣ್ಣ ಎರಡೂ ಥರ್ಮಾಕೋಲನ್ನು ಕರಗಿಸಿಬಿಡುತ್ತವೆ. ಅದನ್ನು ಕಾದ ನಿಕ್ರೋಮ್ ತಂತಿಯಿಂದ ಕತ್ತರಿಸುವವರು ಕಿಟಕಿ ತೆರೆದಿಟ್ಟೇ ಕೆಲಸ ಮಾಡಬೇಕು, ಹೊಗೆ ಒಳ್ಳೆಯದಲ್ಲ.

ಇನ್ನು ವಿನ್ಯಾಸ. ಹೊಸಬರ ವಿಮಾನವೊಂದನ್ನು ಕಾಗದದ ಮೇಲೆ ಕಟ್ಟಿ ನೋಡೋಣ. ರೆಕ್ಕೆಯ ಉದ್ದ 120 ಸೆಂಟಿಮೀಟರ್, ಅಗಲ 20. ವಿಸ್ತೀರ್ಣ 2,400 ಚದರ ಸೆಂಟಿಮೀಟರ್. ಫೋಮ್, ಅಂಟು, ಕಡ್ಡಿಗಳೆಲ್ಲ ಸೇರಿ ಸುಮಾರು 350 ಗ್ರಾಂ, ಬ್ಯಾಟರಿ 180, ಮೋಟರ್ 50, ಉಳಿದ ಎಲೆಕ್ಟ್ರಾನಿಕ್ಸ್ ನೂರರ ಒಳಗೆ. ಒಟ್ಟು 700 ಗ್ರಾಂ ಒಳಗೇ ಮುಗಿಯುತ್ತದೆ. ಈ ತೂಕಕ್ಕೆ ಈ ರೆಕ್ಕೆ ಗಂಟೆಗೆ ಸುಮಾರು 24 ಕಿಲೋಮೀಟರ್ ವೇಗಕ್ಕೆ ಇಳಿದರೂ ಗಾಳಿಯಲ್ಲಿ ನಿಲ್ಲಬಲ್ಲದು. ಅದಕ್ಕಿಂತ ನಿಧಾನವಾದರೆ ಸ್ಟಾಲ್ ಆಗಿ ಕುಸಿಯುತ್ತದೆ. ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಹಾಗಾಗಿ ಇದೇ ರೆಕ್ಕೆಯ ಮೇಲೆ ನಾಲ್ಕು ಪಟ್ಟು ತೂಕ ಹೇರಿದರೆ ಕನಿಷ್ಠ ವೇಗ 48ಕ್ಕೆ ಏರುತ್ತದೆ. ಕಲಿಯುವವರ ಬೆರಳು ಅಷ್ಟು ಬೇಗ ಓಡುವುದಿಲ್ಲ. ಹಗುರ ವಿಮಾನ ನಿಧಾನ ವಿಮಾನ, ನಿಧಾನ ವಿಮಾನ ಯೋಚಿಸಲು ಸಮಯ ಕೊಡುವ ವಿಮಾನ. ಪ್ರತಿ ಗ್ರಾಮಿಗೂ ಲೆಕ್ಕ ಇಡಬೇಕಾದದ್ದು ಇದಕ್ಕಾಗಿ.

ಒಡಲಿನ ಉದ್ದ ರೆಕ್ಕೆಯ ಮುಕ್ಕಾಲು ಭಾಗ, ಅಂದರೆ 90 ಸೆಂಟಿಮೀಟರ್. ಅಡ್ಡ ಬಾಲದ ವಿಸ್ತೀರ್ಣ ರೆಕ್ಕೆಯ ಐದನೆಯ ಒಂದು ಭಾಗದಷ್ಟು. ರೆಕ್ಕೆಯ ಎರಡೂ ತುದಿಗಳು ಐದಾರು ಡಿಗ್ರಿ ಮೇಲಕ್ಕೆ ಬಾಗಿರಲಿ. ವಿಮಾನ ಒಂದು ಕಡೆಗೆ ವಾಲಿದಾಗ ಆ ಬದಿಗೇ ಜಾರತೊಡಗುತ್ತದೆ. ಆಗ ಕೆಳಗಿನ ರೆಕ್ಕೆಗೆ ಗಾಳಿ ಹೆಚ್ಚು ಕೋನದಲ್ಲಿ ಬಡಿದು ಅದು ತಾನಾಗಿಯೇ ಮೇಲೇಳುತ್ತದೆ. ಇಂಥ ರೆಕ್ಕೆ ಇದ್ದರೆ ವಿಮಾನವನ್ನು ಪಕ್ಕಕ್ಕೆ ವಾಲಿಸುವ ಏಲೆರಾನ್ ಬೇಕಿಲ್ಲ. ಎಡಬಲಕ್ಕೆ ತಿರುಗಿಸುವ ರಡ್ಡರ್, ಮೂಗನ್ನು ಏರಿಳಿಸುವ ಎಲಿವೇಟರ್, ಮೋಟರಿನ ವೇಗ, ಈ ಮೂರು ಚಾನೆಲ್ಲುಗಳಲ್ಲಿ ಕಲಿಕೆ ಸಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಗುರುತ್ವ ಕೇಂದ್ರ. ಹವ್ಯಾಸಿಗಳ ಬಾಯಲ್ಲಿ ಅದು ‘ಸಿಜಿ’. ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಕಾಲು ಭಾಗಕ್ಕೂ ಮೂರನೆಯ ಒಂದು ಭಾಗಕ್ಕೂ ನಡುವೆ, ಇಲ್ಲಿ ಐದರಿಂದ ಆರೂವರೆ ಸೆಂಟಿಮೀಟರ್ ಹಿಂದೆ, ಎರಡು ಬೆರಳುಗಳ ಮೇಲೆ ಎತ್ತಿ ಹಿಡಿದರೆ ವಿಮಾನ ಸಮನಾಗಿ ನಿಲ್ಲಬೇಕು. ಕೇಂದ್ರ ಹಿಂದೆ ಸರಿದಷ್ಟೂ ವಿಮಾನ ಚಂಚಲವಾಗುತ್ತದೆ. ಮೂಗು ಒಮ್ಮೆ ಎದ್ದರೆ ಮತ್ತೆ ತಾನಾಗಿ ಇಳಿಯುವುದಿಲ್ಲ. ಮೂಗು ಭಾರವಾದ ವಿಮಾನ ಕೆಟ್ಟದಾಗಿ ಹಾರುತ್ತದೆ, ಬಾಲ ಭಾರವಾದದ್ದು ಒಂದೇ ಸಲ ಹಾರುತ್ತದೆ ಎಂಬುದು ಈ ಹವ್ಯಾಸದಲ್ಲಿ ಎಲ್ಲರೂ ಹೇಳುವ ಮಾತು. ಬ್ಯಾಟರಿಯನ್ನು ಮುಂದೆ ಹಿಂದೆ ಸರಿಸಿ ಸಿಜಿ ಸರಿಪಡಿಸುವಂತೆ ಮೊದಲೇ ಜಾಗ ಬಿಟ್ಟಿರಬೇಕು.

ಮನೆಯಲ್ಲಿ ಕಟ್ಟುವವರ ಲೋಕದಲ್ಲಿ ಒಂದು ವಿಶಿಷ್ಟ ರೆಕ್ಕೆಯೂ ಇದೆ. 1960ರ ದಶಕದಲ್ಲಿ ನ್ಯೂಯಾರ್ಕಿನ ಜಾಹೀರಾತು ಕಲಾನಿರ್ದೇಶಕ ರಿಚರ್ಡ್ ಕ್ಲೈನ್, ಗಾಳಿಗೆ ಬೆದರದ ಕಾಗದದ ವಿಮಾನವೊಂದನ್ನು ಮಡಚಿದರು. ಅದರ ರೆಕ್ಕೆಯ ಮುಂಭಾಗ ದಪ್ಪ; ನಡುವೆ ಥಟ್ಟನೆ ಮೆಟ್ಟಿಲು ಇಳಿದು ಹಿಂಭಾಗ ತೆಳು. ಫ್ಲಾಯ್ಡ್ ಫೋಗಲ್‌ಮನ್ ಜೊತೆ ಸೇರಿ 1972ರಲ್ಲಿ ಪೇಟೆಂಟ್ ಪಡೆದರು. ಮರುವರ್ಷ ‘ಟೈಮ್’ ಪತ್ರಿಕೆ ಇದರ ಬಗ್ಗೆ ಬರೆಯಿತು. ಗಾಳಿ ಸುರಂಗದ ಪರೀಕ್ಷೆಗಳಲ್ಲಿ ಎಳೆತ ಹೆಚ್ಚೆಂದು ಕಂಡುಬಂದು ದೊಡ್ಡ ವಿಮಾನಗಳಿಗೆ ಅದು ಒದಗಲಿಲ್ಲ. ಆದರೆ ಫೋಮ್ ಹಾಳೆಯ ಮೇಲೆ ಮುಂಭಾಗದಲ್ಲಿ ಇನ್ನೊಂದು ಪಟ್ಟಿ ಅಂಟಿಸಿದರೆ ‘ಕೆಎಫ್’ ರೆಕ್ಕೆ ಸಿದ್ಧ. ಕಟ್ಟಲು ಇಷ್ಟು ಸುಲಭವಾದ, ಇಷ್ಟು ಗಟ್ಟಿಯಾದ ರೆಕ್ಕೆ ಬೇರೆ ಇಲ್ಲವಾದ್ದರಿಂದ ಹವ್ಯಾಸಿಗಳು ಅದನ್ನು ಬಿಟ್ಟುಕೊಡಲಿಲ್ಲ.

ಮೋಟರ್ ಕೊಳ್ಳುವಾಗ ಅದರ ಮೇಲಿನ ‘ಕೆವಿ’ ಸಂಖ್ಯೆ ಹಲವರನ್ನು ಗೊಂದಲಕ್ಕೆ ದೂಡುತ್ತದೆ. ಅದು ಕಿಲೋವೋಲ್ಟ್ ಅಲ್ಲ, ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ. ಭಾರತದಲ್ಲಿ ಸುಲಭವಾಗಿ ಸಿಗುವ ‘ಎ2212’ ಮಾದರಿಯ 1000 ಕೆವಿ ಮೋಟರಿಗೆ 11.1 ವೋಲ್ಟ್ ಕೊಟ್ಟರೆ ಪ್ರೊಪೆಲ್ಲರ್ ಇಲ್ಲದೆ ನಿಮಿಷಕ್ಕೆ 11,100 ಸುತ್ತು. ಹತ್ತು ಇಂಚಿನ ಪ್ರೊಪೆಲ್ಲರ್ ಹಾಕಿದರೆ ನಮ್ಮ 700 ಗ್ರಾಂ ವಿಮಾನಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ಎಳೆಯುತ್ತದೆ. ಮೋಟರಿನ ವೇಗ ನಿಯಂತ್ರಿಸುವ 30 ಆಂಪಿಯರ್ ಇಎಸ್‌ಸಿ, ಒಂಬತ್ತು ಗ್ರಾಂ ತೂಕದ ಬಾಲದ ಫಲಕಗಳನ್ನು ಅಲುಗಿಸುವ ಎರಡು ಸರ್ವೋ, 2200 ಮಿಲಿಆಂಪಿಯರ್-ಗಂಟೆಯ ಮೂರು ಕೋಶದ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಸೇರಿದರೆ ಹತ್ತು ನಿಮಿಷದ ಹಾರಾಟಕ್ಕೆ ಸಾಕು. ಲೈಪೋ ವಿಷಯದಲ್ಲಿ ಸಡಿಲಿಕೆ ಸಲ್ಲದು. ಉಬ್ಬಿದ, ತೂತಾದ ಬ್ಯಾಟರಿಗೆ ಬೆಂಕಿ ಹತ್ತಬಹುದು. ಚಾರ್ಜಿಗೆ ಹಾಕಿ ಮಲಗುವುದು, ಹೊರಗೆ ಹೋಗುವುದು ಕೂಡದು. ಪ್ರೊಪೆಲ್ಲರ್ ಬಿಚ್ಚದೆ ಮನೆಯೊಳಗೆ ಮೋಟರ್ ಪರೀಕ್ಷಿಸುವುದಂತೂ ಬೇಡವೇ ಬೇಡ. ಬೆರಳು ಕತ್ತರಿಸುವಷ್ಟು ಬಲ ಅದಕ್ಕಿದೆ.

ಮೊದಲ ಹಾರಾಟಕ್ಕೆ ಗಾಳಿ ಕಡಿಮೆ ಇರುವ ಮುಂಜಾವು ಒಳ್ಳೆಯದು. ಗಾಳಿಗೆ ಎದುರಾಗಿ, ಮೂಗನ್ನು ಎತ್ತದೆ, ನೇರವಾಗಿ ಎಸೆಯಬೇಕು. ಮೇಲೇರಿದ ಮೇಲೆ ಎಲ್ಲರನ್ನೂ ಕಾಡುವುದು ದಿಕ್ಕಿನ ತಿರುವುಮುರುವು. ವಿಮಾನ ನಮ್ಮ ಕಡೆಗೆ ಬರುವಾಗ ಅದರ ಎಡ ನಮ್ಮ ಬಲವಾಗುತ್ತದೆ. ಆಗ ಯಾವ ರೆಕ್ಕೆ ಕೆಳಗಿಳಿಯಿತೋ ಆ ಕಡೆಗೇ ನಿಯಂತ್ರಕದ ಕೋಲನ್ನು ಒತ್ತಿದರೆ ವಿಮಾನ ಸಮನಾಗುತ್ತದೆ. ಈ ಅಭ್ಯಾಸವನ್ನು ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಮೊದಲೇ ಮಾಡಿಕೊಂಡವರು ಮೈದಾನದಲ್ಲಿ ಕಡಿಮೆ ಫೋಮ್ ಮುರಿಯುತ್ತಾರೆ.

ಎಲ್ಲಿ ಹಾರಿಸಬೇಕೆಂಬುದಕ್ಕೆ ಕಾನೂನು ಇದೆ. ಭಾರತದ 2021ರ ಡ್ರೋನ್ ನಿಯಮಗಳು ಮನರಂಜನೆ, ಕಲಿಕೆಗೆಂದು ಕಣ್ಣಳತೆಯಲ್ಲೇ ಹಾರಿಸುವ ಮಾದರಿ ವಿಮಾನಗಳಿಗೆ ಟೈಪ್ ಸರ್ಟಿಫಿಕೇಟಿನಿಂದ ವಿನಾಯಿತಿ ಕೊಟ್ಟಿವೆ. ಆದರೆ ವಾಯುಪ್ರದೇಶದ ಹಸಿರು, ಹಳದಿ, ಕೆಂಪು ವಲಯಗಳು ಎಲ್ಲರಿಗೂ ಅನ್ವಯ. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಅವಕಾಶ. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಎಂದು ಸುತ್ತ ವಿಮಾನ ನಿಲ್ದಾಣಗಳೇ ಇರುವ ಬೆಂಗಳೂರಿನಲ್ಲಿ ಈ ವಲಯಗಳನ್ನು ತೋರಿಸುವ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಮೈದಾನ ಆರಿಸಬಾರದು. ಮುರಿದ ಚೂರುಗಳನ್ನು ಆಯ್ದು ತರುವುದೂ ಹಾರಿಸಿದವರ ಕರ್ತವ್ಯ. ಥರ್ಮಾಕೋಲ್ ಮಣ್ಣಿನಲ್ಲಿ ಕರಗದು. ಗದ್ದೆಯಲ್ಲಿ ಬಿದ್ದರೆ ದನದ ಹೊಟ್ಟೆ ಸೇರುತ್ತದೆ.

ಇದು ಮಕ್ಕಳಾಟವೆಂದು ಮೂಗು ಮುರಿಯುವವರು ಒಂದೆರಡು ಸಂಗತಿ ಗಮನಿಸಬೇಕು. ಬಾಲ್ಯದಿಂದ ಮಾದರಿ ವಿಮಾನ ಕಟ್ಟುತ್ತಿದ್ದ ಬರ್ಟ್ ರುಟಾನ್ 1975ರಲ್ಲಿ ಹಾರಿಸಿದ ‘ವೇರಿಈಝಿ’ ಮನುಷ್ಯರನ್ನು ಹೊರುವ ವಿಮಾನ. ಅದರ ರೆಕ್ಕೆ ಬಿಸಿ ತಂತಿಯಿಂದ ಕತ್ತರಿಸಿದ ಫೋಮ್, ಮೇಲೆ ಗಾಜಿನ ನಾರು ಮತ್ತು ಎಪಾಕ್ಸಿ. ಮನೆಯ ಗ್ಯಾರೇಜುಗಳಲ್ಲಿ ಜನ ಅದನ್ನು ಕಟ್ಟಿ ಹಾರಿದರು. ಬಾಹ್ಯಾಕಾಶ ನೌಕೆಯನ್ನು ಬೋಯಿಂಗ್ 747ರ ಬೆನ್ನ ಮೇಲೆ ಹೊರಿಸಬಹುದು, ಆಕಾಶದಲ್ಲಿ ಬಿಡಿಸಬಹುದು ಎಂಬುದನ್ನು ನಾಸಾದ ಎಂಜಿನಿಯರ್ ಜಾನ್ ಕೈಕರ್ ಮೊದಲು ತೋರಿಸಿದ್ದು ರೇಡಿಯೋ ನಿಯಂತ್ರಿತ ಮಾದರಿಗಳಲ್ಲಿ. 1977ರಲ್ಲಿ ‘ಎಂಟರ್‌ಪ್ರೈಸ್’ ಎಂಬ ನೌಕೆ ನಿಜವಾಗಿಯೂ ಹಾಗೆ ಬಿಡಿಸಿಕೊಂಡು ಇಳಿಯಿತು. ಫ್ಲೈಟ್ ಟೆಸ್ಟ್ ತಂಡದಲ್ಲಿದ್ದ ಪೀಟರ್ ಶ್ರೀಪೋಲ್ 2017ರಲ್ಲಿ ಗೋಡೆಗೆ ಹಾಕುವ ಫೋಮ್ ಹಲಗೆ, ಮರ ಬಳಸಿ ಮನೆಯಲ್ಲೇ ವಿದ್ಯುತ್ ವಿಮಾನ ಕಟ್ಟಿ, ತಾನೇ ಕೂತು ಹಾರಿದರು.

ಕರ್ನಾಟಕದಲ್ಲಿ ಎನ್‌ಸಿಸಿ ವಾಯುದಳದ ಕೆಡೆಟ್‌ಗಳು, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮಾದರಿ ವಿಮಾನ ಕಟ್ಟುತ್ತಾರೆ. ಅದು ಪ್ರೌಢಶಾಲೆಗೂ ಇಳಿಯಬೇಕು. ವಿಮಾನ ತಯಾರಿಕೆಗೆ ಹೆಸರಾದ ರಾಜ್ಯದಲ್ಲಿ ಎತ್ತುವ ಬಲ, ಗುರುತ್ವ ಕೇಂದ್ರಗಳನ್ನು ಕಪ್ಪುಹಲಗೆಯಲ್ಲೇ ಮುಗಿಸುವುದು ನ್ಯಾಯವಲ್ಲ. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳ ವಿಜ್ಞಾನ ಶಿಕ್ಷಕರು ಮೋಟರ್ ಇಲ್ಲದ, 60 ಸೆಂಟಿಮೀಟರ್ ರೆಕ್ಕೆಯ ಫೋಮ್ ಗ್ಲೈಡರಿನಿಂದ ಶುರುಮಾಡಲಿ. ಮೂಗಿಗೆ ಒಂದು ನಾಣ್ಯ ಅಂಟಿಸಿ ಎಸೆಯಲಿ, ನಾಣ್ಯವನ್ನು ಹಿಂದೆ ಸರಿಸಿ ಮತ್ತೆ ಎಸೆಯಲಿ. ಅದು ನೆಟ್ಟಗೆ ತೇಲಿದ ಮೇಲೆ ಮೋಟರ್, ರೇಡಿಯೋ ಕೊಳ್ಳುವ ಮಾತು ಬರಲಿ.